ರ‍್ಯಾಲಿಯ ಒತ್ತು ಎಲ್ಲಿ ಹೋಯಿತು? (ಸೋರ್ಸ್ ಕೋಡಿನಿಂದ ಲೈಬ್ರರಿ ಕಟ್ಟುವ ಕ್ರಮ)

ಬರೆದವರು: 9ನೇ ತರಗತಿಯ ಒಬ್ಬ ವಿದ್ಯಾರ್ಥಿ, ಕಡಕೊಳ



ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅದರೊಳಗೆ ಒತ್ತಕ್ಷರವನ್ನು ಜೋಡಿಸುವವರು ಯಾರು ಅಂತ ಕೇಳಿದರೆ ಹೆಚ್ಚಿನವರು "ಫಾಂಟು" ಅಂತಾರೆ. ಅದು ಅರ್ಧ ಸರಿ. ಫಾಂಟು ಅಕ್ಷರದ ಆಕಾರಗಳನ್ನು ಇಟ್ಟುಕೊಂಡಿರುವ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ಯಾವ ಆಕಾರವನ್ನು ತೆಗೆಯಬೇಕು, ಎಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವ ಇನ್ನೊಂದು ಭಾಗ ಬೇಕು. ಅದಕ್ಕೆ ಹಾರ್ಫ್‌ಬಜ್ ಎಂದು ಹೆಸರು. ಅದು ಒಂದು ಸಾಫ್ಟ್‌ವೇರ್ ಲೈಬ್ರರಿ. ಈ ಲೈಬ್ರರಿಯನ್ನು ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಸೋರ್ಸ್ ಕೋಡಿನಿಂದಲೇ ಕಟ್ಟಿ ಕೂರಿಸಿದ್ದು ಹೇಗೆ ಎಂಬುದನ್ನು ಈ ಸಲ ಬರೆಯುತ್ತೇನೆ. ಕಂಪ್ಯೂಟರ್ ಮುಟ್ಟದವರೂ ಓದಬಹುದು, ಕಷ್ಟ ಏನಿಲ್ಲ.

ಯಾಕೆ ಬೇಕಾಯಿತು ಎಂದರೆ, ದಾಖಲಾತಿ ಆಂದೋಲನದ ನೋಟಿಸು. ಊರಿನ ಬೀದಿಗಳಲ್ಲಿ ಹಾದು ರೈಲ್ವೆ ಸ್ಟೇಷನ್ ತನಕ ನಾವು ಹೋದ ರ‍್ಯಾಲಿಗೆ ಕಂಪ್ಯೂಟರಿನಿಂದ ನೋಟಿಸು ತೆಗೆದಿದ್ದರಲ್ಲ, ಅದರಲ್ಲಿ "ರ್‌ಯಾಲಿ" ಎಂದು ಬಂದಿತ್ತು. ಅರ್ಧ ರ ಬೇರೆ, ಯಾ ಬೇರೆ. ಯ ಒತ್ತು ಕೆಳಗೆ ಬರಲೇ ಇಲ್ಲ. ಕನ್ನಡ ಮೇಡಂ ಆವತ್ತೇ ಕೆಂಪು ಶಾಯಿಯಲ್ಲಿ ತಿದ್ದಿ ತೋರಿಸಿದರು. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ನಮ್ಮ ತರಗತಿಯಲ್ಲೇ ನಾಲ್ಕೈದು ಜನ ನೋಟ್ ಬುಕ್ಕಿನಲ್ಲಿ "ರ್‌ಯಾಂಕ್" ಅಂತ ಬಿಡಿಸಿ ಬರೆಯಲು ಶುರು ಮಾಡಿದ್ದರು. ಕೇಳಿದರೆ "ಕಂಪ್ಯೂಟರೇ ಹಾಗೆ ಬರೆಯುತ್ತೆ" ಎಂಬ ಉತ್ತರ! ಕಂಪ್ಯೂಟರು ನೋಡಿ ನಾವು ಕಾಗುಣಿತ ಕಲಿಯುವ ಕಾಲ ಬಂದರೆ ಕಂಪ್ಯೂಟರಿಗೇ ಮೊದಲು ಕಾಗುಣಿತ ಕಲಿಸಬೇಕಾಗುತ್ತದೆ, ಅಲ್ಲವೇ?

ಒಂದೇ ಉಚ್ಚಾರಣೆ, ಎರಡು ಬರವಣಿಗೆ

ಮೊದಲು ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳೋಣ. "ಸೂರ್ಯ", "ಕಾರ್ಯ", "ಧೈರ್ಯ" ಎಂಬಲ್ಲಿ ರ ಅರ್ಧ, ಯ ಪೂರ್ತಿ. ನಾವು ಬರೆಯುವಾಗ ಯ ಬರೆದು ಅದರ ಮುಂದೆ ಅರ್ಕಾವೊತ್ತು ಹಾಕುತ್ತೇವೆ. "ರ‍್ಯಾಲಿ", "ರ‍್ಯಾಂಕ್" ಎಂಬಲ್ಲಿಯೂ ರ ಅರ್ಧ, ಯ ಪೂರ್ತಿಯೇ. ಆದರೆ ಇಲ್ಲಿ ರ ಬರೆದು ಕೆಳಗೆ ಯ ಒತ್ತು ಕೊಡುತ್ತೇವೆ. ಪದದ ಮೊದಲಿಗೇ ಅರ್ಕಾವೊತ್ತು ಬಂದರೆ "ರ್ಯಾಲಿ" ಎಂದಾಗಿ ಓದುವವರಿಗೆ ನಾಲಿಗೆ ತಡವರಿಸುತ್ತದೆ.

ನಮ್ಮ ಕೈಗೆ ಇದು ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಅಕ್ಷರ ಎಂದರೆ ಒಂದು ಸಂಖ್ಯೆ ಅಷ್ಟೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ರ ಎಂದರೆ 3248, ಯ ಎಂದರೆ 3247, ಅಕ್ಷರವನ್ನು ಅರ್ಧ ಮಾಡುವ ಹಲಂತ ಚಿಹ್ನೆ ಎಂದರೆ 3277. ಒತ್ತಕ್ಷರಗಳಿಗೆ ಆ ಪಟ್ಟಿಯಲ್ಲಿ ಬೇರೆ ಸಂಖ್ಯೆಯೇ ಇಲ್ಲ. 3248, 3277, 3247 ಎಂದು ಸಾಲಾಗಿ ಬಂದರೆ ಕಂಪ್ಯೂಟರು ಅರ್ಕಾವೊತ್ತಿನ ರೂಪವನ್ನೇ ತೆಗೆದುಕೊಳ್ಳುತ್ತದೆ. "ಇಲ್ಲಪ್ಪಾ, ನನಗೆ ಕೆಳಗೆ ಒತ್ತು ಬೇಕು" ಅಂತ ಹೇಳೋದಕ್ಕೆ ಒಂದು ಸನ್ನೆ ಬೇಕಲ್ಲ? ಅದಕ್ಕಾಗಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರವಿದೆ. ಅದರ ಸಂಖ್ಯೆ 8205. ಇಂಗ್ಲಿಷಿನಲ್ಲಿ ಜೀರೋ ವಿಡ್ತ್ ಜಾಯ್ನರ್ ಎನ್ನುತ್ತಾರೆ. ನಾನು ಇಲ್ಲಿ ಜೋಡಕ ಎಂದು ಕರೆಯುತ್ತೇನೆ.

ಈ ಜೋಡಕವನ್ನು ಎಲ್ಲಿ ಇಡಬೇಕು? ಯೂನಿಕೋಡ್ ನಿಯಮ ಹೇಳುವುದು: ರ, ಜೋಡಕ, ಹಲಂತ, ಯ. ಆದರೆ ಮೊದಲಿನಿಂದ ಟೈಪ್ ಮಾಡುತ್ತಾ ಬಂದ ಅನೇಕರ ರೂಢಿ: ರ, ಹಲಂತ, ಜೋಡಕ, ಯ. ನಡುವಿನ ಎರಡು ಅದಲು ಬದಲು, ಅಷ್ಟೇ ವ್ಯತ್ಯಾಸ. ನಮ್ಮ ನೋಟಿಸಿನಲ್ಲಿ ಇದ್ದದ್ದು ಎರಡನೆಯ ಬಗೆ. ಹಾಗಾಗಿ ಟೈಪ್ ಮಾಡಿದವರ ತಪ್ಪು ಎಂದೂ ಹೇಳುವ ಹಾಗಿಲ್ಲ. ಆ ರೂಢಿ ಹಳೆಯದು.

ಒಂದು ಕುರುಹು ಮಾತ್ರ ವಿಚಿತ್ರವಾಗಿತ್ತು. ಅದೇ ಸಾಲನ್ನು ಅದೇ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಸರಿಯಾಗಿ "ರ‍್ಯಾಲಿ" ಎಂದು ಬರುತ್ತಿತ್ತು. ಜೀಎಡಿಟ್ ಎಂಬ ಬರೆಯುವ ತಂತ್ರಾಂಶದಲ್ಲಿ ತೆರೆದರೆ ಒಡೆದು ಹೋಗುತ್ತಿತ್ತು. ಫಾಂಟು ಎರಡು ಕಡೆಯೂ ಒಂದೇ. ಹಾಗಾದರೆ ದೋಷ ಫಾಂಟಿನದ್ದಲ್ಲ. ಗಣಿತದ ಮೇಷ್ಟ್ರು "ಎರಡೂ ಕಡೆ ಒಂದೇ ಇರೋದನ್ನ ಹೊಡೆದು ಹಾಕು, ಉಳಿದದ್ದನ್ನ ನೋಡು" ಅಂದರು. ಸಮೀಕರಣ ಬಿಡಿಸುವ ಹಾಗೆ. ಉಳಿದದ್ದು ಹಾರ್ಫ್‌ಬಜ್. ಫೈರ್‌ಫಾಕ್ಸ್ ತನ್ನದೇ ಒಂದು ಹಾರ್ಫ್‌ಬಜ್ ಪ್ರತಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬರುತ್ತದೆ, ಅದು ಹೊಸದು. ಜೀಎಡಿಟ್ ಬಳಸುವುದು ಕಂಪ್ಯೂಟರಿನಲ್ಲಿ ಎಲ್ಲರಿಗೂ ಸೇರಿ ಇರುವ ಪ್ರತಿಯನ್ನು. ನಮ್ಮ ಯಂತ್ರದ ಲಿನಕ್ಸ್ 2016ರದ್ದು, ಅದರಲ್ಲಿದ್ದ ಹಾರ್ಫ್‌ಬಜ್ 1.0.1.

ಲೈಬ್ರರಿ ಎಂದರೆ ಪುಸ್ತಕದ್ದಲ್ಲ

ನಮ್ಮ ಕಡೆ ದೇವಸ್ಥಾನದಲ್ಲಿ ಊರಿಗೆಲ್ಲ ಸೇರಿದ ಹಂಡೆ, ಕೊಳಗ, ದೊಡ್ಡ ಸೌಟುಗಳನ್ನು ಇಟ್ಟಿರುತ್ತಾರೆ. ಮದುವೆಗೋ ತಿಥಿಗೋ ಬೇಕಾದವರು ತಂದು ಅಡುಗೆ ಮಾಡಿ ತೊಳೆದು ಹಿಂದಕ್ಕೆ ಕೊಡುತ್ತಾರೆ. ಮನೆಮನೆಯಲ್ಲೂ ನೂರು ಜನರ ಹಂಡೆ ಇಟ್ಟುಕೊಳ್ಳುವುದಕ್ಕೆ ಆಗಲ್ಲ. ಸಾಫ್ಟ್‌ವೇರ್ ಲೈಬ್ರರಿಯೂ ಹೀಗೆಯೇ. ಅಕ್ಷರ ಜೋಡಿಸುವ ಕೆಲಸ ಬರೆಯುವ ತಂತ್ರಾಂಶಕ್ಕೂ ಬೇಕು, ಚಿತ್ರ ಬಿಡಿಸುವುದಕ್ಕೂ ಬೇಕು, ಪರದೆಯ ಮೇಲಿನ ಗಡಿಯಾರಕ್ಕೂ ಬೇಕು. ಒಬ್ಬೊಬ್ಬರೂ ಬೇರೆ ಬೇರೆ ಬರೆಯುವ ಬದಲು ಒಂದು ಕಡೆ ಬರೆದಿಟ್ಟು ಎಲ್ಲರೂ ಕರೆದು ಬಳಸುತ್ತಾರೆ. ಹಂಡೆ ತೂತಾಗಿದ್ದರೆ ಎಲ್ಲರ ಮದುವೆಯಲ್ಲೂ ಸೋರುತ್ತದೆ, ಒಂದು ಸಲ ಬೆಸುಗೆ ಹಾಕಿಸಿದರೆ ಎಲ್ಲರಿಗೂ ಸರಿಯಾಗುತ್ತದೆ.

ಹಾರ್ಫ್‌ಬಜ್ ಎಂಬುದು ಪಾರಸಿ ಮಾತು. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದ. ಓಪನ್‌ಟೈಪ್ ಎಂಬ ಫಾಂಟಿನ ಬಗೆಯ ಹೆಸರನ್ನೇ ಅವರು ಪಾರಸಿಗೆ ತಿರುಗಿಸಿಕೊಂಡಿದ್ದಾರೆ. ಇದರ ಮುಖ್ಯ ಕರ್ತೃ ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಹಬೋದ್. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಇದೇ ಇದೆ. ಮೇಷ್ಟ್ರುಗಳ ಜೇಬಿನ ಫೋನಿನಲ್ಲಿ ಕನ್ನಡ ಮೆಸೇಜಿನ ಒತ್ತು ಸರಿಯಾಗಿ ಕೂರುತ್ತಿದ್ದರೆ ಅದರ ಹಿಂದೆ ಬಹುತೇಕ ಈ ಲೈಬ್ರರಿಯೇ ಇರುತ್ತದೆ. ಇದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಪಡೆದು, ಓದಿ, ತಿದ್ದಿ ಬಳಸಬಹುದು. ಕಾಸು ಕೊಡಬೇಕಾಗಿಲ್ಲ.

ರಾಗಿಯೋ, ಹಿಟ್ಟೋ?

ಸೋರ್ಸ್ ಕೋಡ್ ಎಂದರೆ ಮನುಷ್ಯರು ಓದಬಹುದಾದ ಮೂಲ ಬರಹ. ಯಂತ್ರ ಅದನ್ನು ನೇರವಾಗಿ ನಡೆಸಲಾರದು. ಕಂಪೈಲರ್ ಎಂಬ ತಂತ್ರಾಂಶ ಅದನ್ನು ಯಂತ್ರದ ಭಾಷೆಗೆ ಬದಲಿಸಿಕೊಡಬೇಕು. ಮೂಲ ಬರಹ ರಾಗಿಯಾದರೆ ಕಂಪೈಲರು ಮಿಲ್ಲು, ಹೊರಗೆ ಬರುವುದು ಹಿಟ್ಟು. ಸಾಮಾನ್ಯವಾಗಿ ನಾವು ಅಂಗಡಿಯಿಂದ ಹಿಟ್ಟಿನ ಪೊಟ್ಟಣವನ್ನೇ ತರುತ್ತೇವೆ, ಅಂದರೆ ಆಗಲೇ ಕಂಪೈಲ್ ಆದದ್ದನ್ನು. ಹಿಟ್ಟಿನಿಂದ ಮತ್ತೆ ರಾಗಿ ಆಗಲ್ಲ. ಅದರಲ್ಲಿ ಕಲ್ಲಿದೆಯೋ ಇಲ್ಲವೋ ಅಂತ ಆರಿಸಿ ನೋಡುವುದಕ್ಕೂ ಆಗಲ್ಲ. ನಮ್ಮ 2016ರ ಲಿನಕ್ಸಿಗೆ ಹೊಸ ಪೊಟ್ಟಣ ಬರುವುದು ನಿಂತು ಹೋಗಿದೆ. ಇಡೀ ಲಿನಕ್ಸನ್ನೇ ಹೊಸದಾಗಿ ಹಾಕೋಣ ಎಂದರೆ ಆಫೀಸಿನವರು "ಪ್ರಿಂಟರು ಹೇಗೋ ನಡೀತಾ ಇದೆ, ಮುಟ್ಟಬೇಡಿ" ಅಂದರು. ಅದೂ ನಿಜವೇ. ವಿದ್ಯಾರ್ಥಿವೇತನದ ಅರ್ಜಿ, ದಾಖಲಾತಿ, ಬಿಸಿಯೂಟದ ಲೆಕ್ಕ ಎಲ್ಲ ಆ ಒಂದೇ ಯಂತ್ರದಲ್ಲಿ. ಅದು ಕೆಟ್ಟರೆ ನಮ್ಮ ರ‍್ಯಾಲಿಗಿಂತ ದೊಡ್ಡ ಗೋಳು. ಆದ್ದರಿಂದ ಇರುವುದನ್ನು ಮುಟ್ಟದೆ, ಪಕ್ಕದಲ್ಲಿ ಹೊಸ ಹಂಡೆ ಇಡಬೇಕಾಗಿತ್ತು.

ನಾವು ಆರಿಸಿದ್ದು 2019ರಲ್ಲಿ ಬಿಡುಗಡೆಯಾದ 2.6.4. ಇನ್ನೂ ಹೊಸವು ಇವೆ. ಆದರೆ ಅವನ್ನು ಕಟ್ಟಲು ಮೆಸನ್, ನಿಂಜಾ ಎಂಬ ಬೇರೆ ಸಲಕರಣೆ ಬೇಕು. ಮೆಸನ್‌ಗೆ ಹೊಸ ಪೈಥಾನ್ ಬೇಕು, ನಮ್ಮ ಯಂತ್ರದಲ್ಲಿ ಇರುವುದು ಹಳೆಯದು. 2.6.4 ಹಳೆಯ ಕ್ರಮದಲ್ಲಿ, ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಮಾತಿನಲ್ಲಿ ಆಗುತ್ತದೆ. ಮೈಸೂರಿನಲ್ಲಿ ಡಿಪ್ಲೊಮಾ ಓದುವ ನಮ್ಮಣ್ಣ ಪೆನ್ ಡ್ರೈವಿನಲ್ಲಿ ತಂದುಕೊಟ್ಟ. ಗಾತ್ರ ಒಂದೆರಡು ಹಾಡಿನಷ್ಟು, ಅಷ್ಟೇ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಬೇಕು.)

ಕಾನ್ಫಿಗರ್

ಕಟ್ಟನ್ನು ಬಿಚ್ಚಿದ ಮೇಲೆ ಸಿಗುವ ಫೋಲ್ಡರಿನೊಳಗೆ ಹೋಗಿ ಕೊಡಬೇಕಾದ ಮೊದಲ ಆಜ್ಞೆ:

./ಕಾನ್ಫಿಗರ್ --ಪ್ರಿಫಿಕ್ಸ್=/ಹೋಮ್/ಶಾಲೆ/ಹಾರ್ಫ್

ಇದು ಏನನ್ನೂ ಕಟ್ಟುವುದಿಲ್ಲ. ಅಡುಗೆ ಶುರು ಮಾಡುವ ಮೊದಲು ಅಜ್ಜಿ ಡಬ್ಬಿಗಳನ್ನೆಲ್ಲ ತೆರೆದು ನೋಡುವ ಹಾಗೆ, ಕಂಪೈಲರ್ ಇದೆಯೇ, ಬೇಕಾದ ಬೇರೆ ಲೈಬ್ರರಿಗಳಿವೆಯೇ ಎಂದು ಒಂದೊಂದಾಗಿ ನೋಡಿ, ಇದೆ, ಇಲ್ಲ ಎಂದು ಪರದೆಯ ಮೇಲೆ ಬರೆಯುತ್ತಾ ಹೋಗುತ್ತದೆ. ಕೊನೆಯಲ್ಲಿ ಒಂದು ಸಾರಾಂಶ ಕೊಡುತ್ತದೆ. ಅದನ್ನು ಓದದೆ ಮುಂದಕ್ಕೆ ಹೋಗಬಾರದು. ಯಾಕೆಂದರೆ ಕೆಲವು ಲೈಬ್ರರಿ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ, ಆ ಭಾಗವನ್ನು ಬಿಟ್ಟು ಕಟ್ಟುತ್ತದೆ. ನಮ್ಮಲ್ಲಿ ಮೊದಲ ಸಲ ಫ್ರೀಟೈಪ್, ಜೀಲಿಬ್, ಕೈರೋ ಮೂರಕ್ಕೂ ಇಲ್ಲ ಎಂದು ಬಂತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಮೂರೂ ಲೈಬ್ರರಿಗಳು ಯಂತ್ರದಲ್ಲಿ ಇದ್ದವು. ಇಲ್ಲದಿದ್ದರೆ ಜೀಎಡಿಟ್ ತೆರೆಯುತ್ತಲೇ ಇರಲಿಲ್ಲ. ಇಲ್ಲದೆ ಹೋದದ್ದು ಅವುಗಳ ಹೆಡರ್ ಕಡತಗಳು. ಹೆಡರ್ ಎಂದರೆ ಆ ಲೈಬ್ರರಿಯಲ್ಲಿ ಯಾವ ಯಾವ ಕೆಲಸಗಳಿವೆ, ಹೇಗೆ ಕರೆಯಬೇಕು ಎಂಬ ಪಟ್ಟಿ. ಬಳಸುವವರಿಗೆ ಹಂಡೆ ಸಾಕು, ಕಟ್ಟುವವರಿಗೆ ಅದರ ಅಳತೆಯ ಚೀಟಿಯೂ ಬೇಕು. ಲಿನಕ್ಸಿನಲ್ಲಿ ಈ ಚೀಟಿಗಳು "ಡೆವ್" ಎಂದು ಕೊನೆಯಾಗುವ ಪೊಟ್ಟಣಗಳಲ್ಲಿ ಬೇರೆಯಾಗಿ ಸಿಗುತ್ತವೆ. ಅವನ್ನು ಹಾಕಿ ಮತ್ತೆ ಕಾನ್ಫಿಗರ್ ಕೊಟ್ಟಾಗ ಮೂರೂ ಸರಿಯಾದವು. ಫ್ರೀಟೈಪ್, ಜೀಲಿಬ್ ಇಲ್ಲದೆ ಕಟ್ಟಿದ್ದರೆ ಜೀಎಡಿಟ್‌ಗೆ ಬೇಕಾದ ಕೆಲವು ಭಾಗಗಳು ನಮ್ಮ ಲೈಬ್ರರಿಯಲ್ಲಿ ಇರುತ್ತಿರಲಿಲ್ಲ. ಕೈರೋ ಇಲ್ಲದಿದ್ದರೆ ಪರೀಕ್ಷೆ ಮಾಡಿ ನೋಡುವ ಎಚ್‌ಬಿ-ವ್ಯೂ ಎಂಬ ಸಲಕರಣೆ ತಯಾರಾಗುತ್ತಿರಲಿಲ್ಲ.

ಪ್ರಿಫಿಕ್ಸ್ ಎಂಬುದನ್ನು ಮರೆಯಬೇಡಿ. ಕಟ್ಟಿದ್ದನ್ನು ಎಲ್ಲಿ ಇಡಬೇಕು ಎಂದು ಅಲ್ಲಿ ಹೇಳಬೇಕು. ವ್ಯವಸ್ಥೆಯ ಫೋಲ್ಡರನ್ನೇ ಕೊಟ್ಟಿದ್ದರೆ ಹೊಸದು ಹಳೆಯದರ ಮೇಲೆಯೇ ಕೂತುಬಿಡುತ್ತಿತ್ತು. ಆಮೇಲೆ ಏನಾದರೂ ಎಡವಟ್ಟಾದರೆ ಇಡೀ ಪರದೆಯ ಅಕ್ಷರಗಳೇ ಮಾಯ. ಹೆಡ್ ಮಾಸ್ಟರಿಗೆ ಏನಂತ ಹೇಳೋದು? ನಾವು ಕೊಟ್ಟದ್ದು ಮನೆಯ ಫೋಲ್ಡರಿನ ಒಳಗೊಂದು ಜಾಗ. ಅದಕ್ಕೆ ಪಾಸ್‌ವರ್ಡೂ ಬೇಡ.

ಮೇಕ್

ಎರಡನೆಯ ಆಜ್ಞೆ ಬರೀ ಒಂದು ಪದ: ಮೇಕ್. ಇದನ್ನು 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ಬರೆದರು. ಇಷ್ಟು ಹಳೆಯದಾದರೂ ಇವತ್ತಿಗೂ ನಡೆಯುತ್ತಿದೆ. ಯಾವ ಕಡತದಿಂದ ಯಾವುದು ತಯಾರಾಗಬೇಕು ಎಂಬ ಪಟ್ಟಿ ಮೇಕ್‌ಫೈಲ್ ಎಂಬಲ್ಲಿ ಇರುತ್ತದೆ. ಮೇಕ್ ಅದನ್ನು ಓದಿ ಒಂದೊಂದು ಮೂಲ ಕಡತವನ್ನೂ ಕಂಪೈಲರಿಗೆ ಕೊಡುತ್ತದೆ. ಹೊರಬಂದ ತುಂಡುಗಳನ್ನೆಲ್ಲ ಕಡೆಯಲ್ಲಿ ಸೇರಿಸಿ ಒಂದು ಲೈಬ್ರರಿ ಮಾಡುತ್ತದೆ. ಈ ಸೇರಿಸುವ ಕೆಲಸಕ್ಕೆ ಲಿಂಕ್ ಮಾಡುವುದು ಎನ್ನುತ್ತಾರೆ. ಬ್ಯಾತಹಳ್ಳಿಯ ಟಿ.ವಿ.ಎಸ್. ಕಾರ್ಖಾನೆಯಲ್ಲಿ ಬಿಡಿ ಭಾಗಗಳು ಬಂದು ಕೊನೆಗೆ ಬೈಕ್ ಆಗುವ ಹಾಗೆ.

ನಮ್ಮ ಯಂತ್ರ ಮುದುಕ. ಊಟದ ಬೆಲ್ಲಿಗೆ ಮೇಕ್ ಕೊಟ್ಟು ಹೋದೆವು, ಕೈ ತೊಳೆದು ಬರುವ ಹೊತ್ತಿಗೂ ಸಾಲುಗಳು ಓಡುತ್ತಲೇ ಇದ್ದವು. ಆಮೇಲೆ "ಮೇಕ್ ಚೆಕ್" ಎಂದು ಕೊಟ್ಟೆವು. ಇದನ್ನು ಬಹಳ ಜನ ಮಾಡುವುದಿಲ್ಲವಂತೆ. ನನಗೆ ಇದೇ ಬಹಳ ಇಷ್ಟವಾಯಿತು. ಬರೆದವರೇ ಪ್ರಶ್ನೆ ಪತ್ರಿಕೆಯನ್ನೂ ಉತ್ತರವನ್ನೂ ಜೊತೆಗೆ ಇಟ್ಟಿದ್ದಾರೆ. ಈ ಫಾಂಟಿಗೆ ಈ ಅಕ್ಷರಗಳನ್ನು ಕೊಟ್ಟರೆ ಈ ಆಕಾರಗಳೇ ಬರಬೇಕು ಎಂದು. ಕನ್ನಡಕ್ಕೆಂದೇ ಬರೆದ ಪರೀಕ್ಷೆಗಳೂ ಅದರಲ್ಲಿವೆ.

ಮೂರನೆಯದು ಮೇಕ್ ಇನ್‌ಸ್ಟಾಲ್. ಹೆಸರು ದೊಡ್ಡದು, ಕೆಲಸ ಚಿಕ್ಕದು. ತಯಾರಾದ ಕಡತಗಳನ್ನು ಪ್ರಿಫಿಕ್ಸ್‌ನಲ್ಲಿ ಹೇಳಿದ ಜಾಗಕ್ಕೆ ನಕಲು ಮಾಡುತ್ತದೆ. ಲೈಬ್ರರಿ "ಲಿಬ್" ಎಂಬಲ್ಲಿಗೆ, ಹೆಡರುಗಳು "ಇನ್‌ಕ್ಲೂಡ್" ಎಂಬಲ್ಲಿಗೆ, ಸಲಕರಣೆಗಳು "ಬಿನ್" ಎಂಬಲ್ಲಿಗೆ.

ಇಷ್ಟಾದರೂ ಜೀಎಡಿಟ್ ತೆರೆದಾಗ "ರ್‌ಯಾಲಿ" ಹಾಗೇ ಇತ್ತು! ಕಾರಣ ಸುಲಭ. ತಂತ್ರಾಂಶ ಶುರುವಾಗುವಾಗ ತನಗೆ ಬೇಕಾದ ಲೈಬ್ರರಿಯನ್ನು ಮಾಮೂಲಿ ಜಾಗಗಳಲ್ಲಿ ಮಾತ್ರ ಹುಡುಕುತ್ತದೆ. ಹೊಸ ಹಂಡೆ ಎಲ್ಲಿದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಎಲ್‌ಡಿ ಲೈಬ್ರರಿ ಪಾತ್ ಎಂಬ ಹೆಸರಿನಲ್ಲಿ ನಮ್ಮ "ಲಿಬ್" ಫೋಲ್ಡರಿನ ವಿಳಾಸ ಕೊಟ್ಟು ಜೀಎಡಿಟ್ ತೆರೆಯಬೇಕು. ಹೀಗೆ ತೆರೆದಾಗ "ರ‍್ಯಾಲಿ" ಎಂದು ಬಂತು. ರ ಕೆಳಗೆ ಯ ಒತ್ತು ಅಚ್ಚುಕಟ್ಟಾಗಿ ಕೂತಿತ್ತು. ಗಮನಿಸಿ, ಜೀಎಡಿಟ್‌ನಲ್ಲಿ ಒಂದಕ್ಷರವನ್ನೂ ನಾವು ಬದಲಿಸಿಲ್ಲ, ಫಾಂಟನ್ನೂ ಮುಟ್ಟಿಲ್ಲ, ನೋಟಿಸಿನ ಕಡತವನ್ನೂ ತಿದ್ದಿಲ್ಲ. ಕನ್ನಡ ಮೇಡಂ ಬಂದು ನೋಡಿ "ಈಗ ಸರಿ" ಅಂದರು.

ಮೂಲದಲ್ಲಿ ಕನ್ನಡದ ಹೆಸರು

ಕೆಲಸ ಮುಗಿದಿತ್ತು. ಆದರೆ ರಾಗಿಯೇ ಕೈಯಲ್ಲಿರುವಾಗ ಆರಿಸಿ ನೋಡದೆ ಇರಲು ಆಗಲಿಲ್ಲ. ಗ್ರೆಪ್ ಎಂಬ ಹುಡುಕುವ ಆಜ್ಞೆಗೆ "ಕನ್ನಡ" ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ಸೋರ್ಸ್ ಫೋಲ್ಡರನ್ನೆಲ್ಲ ಹುಡುಕಿಸಿದೆವು. ಭಾರತೀಯ ಲಿಪಿಗಳಿಗಾಗಿ ಇರುವ ಒಂದು ಕಡತದಲ್ಲಿ ಸಿಕ್ಕಿತು. ಏಳೆಂಟು ಸಾಲಿನ ಸಣ್ಣ ಭಾಗ. ಅದರ ಮೇಲೆ, ಕನ್ನಡದ ಹಳೆಯ ರೂಢಿಗೆ ಹೊಂದಿಕೊಳ್ಳಲು ಹೀಗೆ ಮಾಡಿದ್ದೇವೆ ಎಂಬ ಅರ್ಥದ ಇಂಗ್ಲಿಷ್ ಟಿಪ್ಪಣಿ. ಅದರೊಳಗಿನ ತರ್ಕ ನಮಗೇ ಅರ್ಥವಾಗುವಷ್ಟು ಸರಳ: ಲಿಪಿ ಕನ್ನಡವಾಗಿದ್ದು, ರ, ಹಲಂತ, ಜೋಡಕ ಈ ಕ್ರಮದಲ್ಲಿ ಬಂದರೆ, ಹಲಂತವನ್ನೂ ಜೋಡಕವನ್ನೂ ಅದಲು ಬದಲು ಮಾಡು. ಅಷ್ಟೇ! ರೂಢಿಯ ಕ್ರಮವನ್ನು ನಿಯಮದ ಕ್ರಮಕ್ಕೆ ತಿರುಗಿಸುವುದು.

ಈ ಸಾಲುಗಳು ಇಲ್ಲದ ಹಳೆಯ ಆವೃತ್ತಿಯಲ್ಲಿ ಏನಾಗುತ್ತಿತ್ತು? ಹಿಂದಿಯಲ್ಲಿ ಹಲಂತದ ನಂತರ ಜೋಡಕ ಬಂದರೆ "ಅರ್ಧ ಅಕ್ಷರದ ರೂಪ ಕೊಡು" ಎಂದು ಅರ್ಥ. ಹಿಂದಿ ಮೇಷ್ಟ್ರು ಬೋರ್ಡಿನ ಮೇಲೆ ಅರ್ಧ ಕ, ಅರ್ಧ ತ ಬರೆಯುತ್ತಾರಲ್ಲ, ಅದು. ಲೈಬ್ರರಿ ಇಲ್ಲಿಯೂ ಅದನ್ನೇ ಪಾಲಿಸುತ್ತಿತ್ತು. ಆದರೆ ಕನ್ನಡದಲ್ಲಿ ಹಾಗೆ ಅರ್ಧ ಕತ್ತರಿಸಿದ ಅಕ್ಷರಗಳಿಲ್ಲ, ನಮ್ಮದು ಕೆಳಗೆ ಇಳಿಯುವ ಒತ್ತು. ಆದ್ದರಿಂದ ರ್ ಒಂದು ಕಡೆ, ಯಾ ಒಂದು ಕಡೆ ಆಗಿ ಉಳಿಯುತ್ತಿತ್ತು. ಇದೇ ಕಾರಣ ಹೌದೋ ಅಲ್ಲವೋ ಎಂದು ಗಣಿತದ ಮೇಷ್ಟ್ರಿಗೆ ಅನುಮಾನ. "ಸಾಧಿಸಿ ತೋರಿಸು" ಅಂದರು. ಸೋರ್ಸ್ ಫೋಲ್ಡರಿನ ಇನ್ನೊಂದು ಪ್ರತಿಯಲ್ಲಿ ಆ ಏಳೆಂಟು ಸಾಲನ್ನು ಟಿಪ್ಪಣಿಯ ಗುರುತಿನೊಳಗೆ ಹಾಕಿ ಕಂಪೈಲರಿನ ಕಣ್ಣಿಗೆ ಮರೆ ಮಾಡಿ ಮತ್ತೆ ಮೇಕ್ ಕೊಟ್ಟೆವು. ಈ ಸಲ ಊಟದ ಬೆಲ್ಲಿನ ತನಕ ಕಾಯಬೇಕಾಗಲಿಲ್ಲ. ಮೇಕ್ ಕಡತಗಳ ಗಡಿಯಾರ ನೋಡುತ್ತದೆ. ಬದಲಾದದ್ದು ಆ ಒಂದೇ ಕಡತ, ಆದ್ದರಿಂದ ಅದೊಂದನ್ನೇ ಕಂಪೈಲ್ ಮಾಡಿ ಲೈಬ್ರರಿಯನ್ನು ಮತ್ತೆ ಜೋಡಿಸಿತು. ಆ ಲೈಬ್ರರಿಯ ವಿಳಾಸ ಕೊಟ್ಟು ಜೀಎಡಿಟ್ ತೆರೆದರೆ "ರ್‌ಯಾಲಿ" ಮತ್ತೆ ಒಡೆದಿತ್ತು. ಮರೆ ತೆಗೆದು ಕಟ್ಟಿದರೆ ಮತ್ತೆ ಕೂಡಿತು. ಮೇಷ್ಟ್ರು ಒಪ್ಪಿದರು.

ಆ ಸಾಲುಗಳನ್ನು ಬರೆದವರು ನಮ್ಮ ಊರು ನೋಡಿದವರಲ್ಲ, ಕನ್ನಡ ಓದಬಲ್ಲವರೋ ಅಲ್ಲವೋ ತಿಳಿಯದು. ಯಾರೋ ಕನ್ನಡದ ತೊಂದರೆಯನ್ನು ಬರೆದು ತಿಳಿಸಿದ್ದರಿಂದ ಅವು ಸೇರಿದವು. ಮೂಲ ತೆರೆದಿರುವುದರಿಂದ ತೊಂದರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯ.

ಈಗ ಉಪಯೋಗದ ಮಾತು. ಕಂಪ್ಯೂಟರಿನ ಪರದೆಯ ಮೇಲೆ "ಕನ್ನಡ ಬರಹ" ಎಂಬ ಹೊಸ ಚಿತ್ರ ಇಟ್ಟಿದ್ದೇವೆ. ಅದನ್ನು ಒತ್ತಿದರೆ ಹೊಸ ಲೈಬ್ರರಿಯೊಂದಿಗೆ ಜೀಎಡಿಟ್ ತೆರೆಯುತ್ತದೆ, ನೋಟಿಸಿಗೆ ಅಷ್ಟು ಸಾಕು. ಪ್ರಿಂಟರು ಮೊದಲಿನ ಹಾಗೇ ಇದೆ. ಯಾರಿಗಾದರೂ ಇದು ಬೇಡ ಅನ್ನಿಸಿದರೆ "ಹಾರ್ಫ್" ಎಂಬ ಫೋಲ್ಡರನ್ನೂ ಆ ಚಿತ್ರವನ್ನೂ ಅಳಿಸಿದರೆ ಆಯಿತು, ಯಂತ್ರ ಹಿಂದಿನಂತೆಯೇ ಇರುತ್ತದೆ.

ಓದಿದವರಿಗೆ ಕೆಲಸ: ರ‍್ಯಾಂಕ್, ಆರ್ಯ, ಮರ್ಯಾದೆ, ರ‍್ಯಾಗಿಂಗ್, ಸೌಂದರ್ಯ. ಇವುಗಳಲ್ಲಿ ಯಾವುದಕ್ಕೆ 8205 ಬೇಕು, ಯಾವುದಕ್ಕೆ ಬೇಡ? ಮೊದಲು ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ.